ಅತ್ತೆ ನನ್ನ ಹೆಬ್ಬೆರಳು ಹಿಂಡಿ ತೋರಿಸಿದ್ದು

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ವಿನೋಬನಗರದಲ್ಲಿ. ಹಾಲು ಅಂದ್ರೆ ಬೆಳಗ್ಗೆ ಬಾಗಿಲಿಗೆ ನೇತುಹಾಕಿದ ಚೀಲದಲ್ಲಿ ಬಿದ್ದಿರೋ ಪ್ಯಾಕೆಟ್. ಮದುವೆಯಾಗಿ ಹೊಳಲ್ಕೆರೆ ಕಡೆಯ ಹಳ್ಳಿಗೆ ಬಂದ ಮೇಲೂ ಆರು ವರ್ಷ ಕೊಟ್ಟಿಗೆಯಲ್ಲಿ ನನ್ನದು ಸಗಣಿ ಬಾಚೋದು, ಮುಸುರೆ ಇಡೋದು ಅಷ್ಟೇ. ಹಾಲು ಹಿಂಡೋದು ಅತ್ತೆಯ ಪಾಲು. ಹೋದ ಮಳೆಗಾಲದಲ್ಲಿ ಅವರು ಬಚ್ಚಲ ಮುಂದೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ನಮ್ಮ ಮನೆಯವರು ಹಿಂಡೋಣ ಅಂದ್ರೆ ನಮ್ಮ ಆಕಳು ಕೆಂದಿ ಗಂಡಸರನ್ನ ಹತ್ತಿರ ಸೇರಿಸಲ್ಲ. ಸೂಜಿ ಚುಚ್ಚೋಕೆ ಬರೋರೆಲ್ಲ ಗಂಡಸರೇ, ಅದಕ್ಕಿರಬೇಕು ಅಂತ ನನ್ನ ಗುಮಾನಿ. ಕೊನೆಗೆ ತಂಬಿಗೆ ನನ್ನ ಕೈಗೆ ಬಂತು.

ನಮ್ಮ ಮನೇಲಿ ಹಾಲು ಕರೆಯೋದು ಅನ್ನಲ್ಲ, ಹಿಂಡೋದು ಅಂತೀವಿ. ನನ್ನ ದಾರಿ ತಪ್ಪಿಸಿದ್ದೇ ಆ ಮಾತು. ಒದ್ದೆ ಬಟ್ಟೆ ಹಿಂಡಿದ ಹಾಗೆ ಮೊಲೆ ಹಿಡಿದು ಕೆಳಗೆ ಎಳೆದೆ. ನಾಲ್ಕು ಹನಿ ಬಿತ್ತು. ಇನ್ನೂ ಜೋರಾಗಿ ಎಳೆದೆ. ಕೆಂದಿ ಕಾಲು ಝಾಡಿಸಿದ್ದಕ್ಕೆ ತಂಬಿಗೆ ಗೋಡೆಗೆ ಹೋಯ್ತು, ನಾನು ಗಂಜಲದಲ್ಲಿ ಕೂತೆ. ಇದ್ದ ಹಾಲೆಲ್ಲ ಕರು ಕುಡೀತು. ಅದಕ್ಕೆ ಆವತ್ತು ಹಬ್ಬ.

ರಾತ್ರಿ ಅತ್ತೆ ಹತ್ತಿರ ಕರೆದು, "ಹೆಬ್ಬಟ್ಟು ತಾ ಇಲ್ಲಿ" ಅಂದರು. ನೆಟ್ಟಗಿದ್ದ ಎಡಗೈಯಲ್ಲಿ ನನ್ನ ಹೆಬ್ಬೆರಳನ್ನ ಬುಡದಲ್ಲಿ ಹಿಡಿದರು. ಅವರ ಹೆಬ್ಬೆರಳು, ತೋರುಬೆರಳು ಎರಡೂ ಸೇರಿ ಉಂಗುರದ ಹಾಗೆ ಬಿಗಿಯಾದವು. ಆಮೇಲೆ ನಡುಬೆರಳು ಒತ್ತಿತು, ಅದರ ಕೆಳಗೆ ಉಂಗುರದ ಬೆರಳು, ಕೊನೆಗೆ ಕಿರುಬೆರಳು. ಎಳೆತವೇ ಇಲ್ಲ. ಒತ್ತಡ ಮೇಲಿಂದ ಇಳಿದು ಉಗುರಿನ ತನಕ ಬಂದದ್ದು ನನಗೇ ಗೊತ್ತಾಯ್ತು. "ಮ್ಯಾಲಿನ ಬಾಗ್ಲು ಹಾಕಿದ್ರೆ ಹಾಲು ವಾಪಸ್ ಕೆಚ್ಚಲಿಗೆ ಏರಂಗಿಲ್ಲ. ಕೆಳಾಗಿಂದು ತಾನಾ ಬರ್ತತಿ. ಆಮ್ಯಾಲೆ ಕೈ ಸಡಿಲ ಬಿಡು, ಮತ್ತೆ ತುಂಬ್ಕಳ್ಳಲಿ." ಮಾರನೇ ದಿನ ಹಾಗೇ ಮಾಡಿದೆ. ಸೊರ್ ಅಂತ ತಂಬಿಗೆಯ ತಳಕ್ಕೆ ಧಾರೆ ಬಡಿದ ಸದ್ದಿಗೆ ನಾನೇ ಬೆಚ್ಚಿಬಿದ್ದೆ.

ಅತ್ತೆಯ ಎಲ್ಲ ಪಾಠವನ್ನೂ ನಾನು ಒಪ್ಪಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಅವರು ಹೆಬ್ಬೆರಳು ಒಳಗೆ ಮಡಿಸಿ, ಅದರ ಗೆಣ್ಣಿಗೆ ಮೊಲೆ ಒತ್ತಿ ಹಿಂಡ್ತಾರೆ. ಕೈ ಬೇಗ ಸೋಲಲ್ಲ ನಿಜ, ಆದರೆ ಮೊಲೆ ಒಳಗೊಳಗೇ ಜಜ್ಜಿಹೋಗುತ್ತೆ, ಮುಷ್ಟಿಯಲ್ಲಿ ಹಿಡಿದು ಹಿಂಡೋದೇ ಸರಿ ಅಂತ ಪಶುವೈದ್ಯರು ಹೇಳಿದ್ರು. ಇನ್ನೊಂದು, ಬೆರಳನ್ನ ಹಾಲಲ್ಲೇ ಅದ್ದಿ ಜಾರಿಕೆ ಮಾಡ್ಕೊಳ್ಳೋದು. ಕೈಯ ಕೊಳೆಯೆಲ್ಲ ಹಾಲಿಗೇ ತಾನೇ? ನಾನು ಕೆಚ್ಚಲು ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಣಗೈಯಲ್ಲೇ ಕೂರ್ತೀನಿ. ಉಗುರು ಕತ್ತರಿಸಿದೆ, ವಾಚು ಬಿಚ್ಚಿಟ್ಟೆ.

ಕೈ ಪಳಗಿದರೂ ಹಾಲು ಮಾತ್ರ ಪೂರ್ತಿ ಬರ್ತಿರಲಿಲ್ಲ. ಅತ್ತೆಗೆ ಬೆಳಗಿನ ಹೊತ್ತು ನಾಲ್ಕು ಲೀಟರು ಕೊಡೋ ಆಕಳು ನನಗೆ ಎರಡೂವರೆಗೇ ನಿಲ್ಲಿಸೋದು. ಡೇರಿಯಲ್ಲಿ ಇನ್ನೊಂದು ಅವಮಾನ. ಕೆಂದಿ ಜೆರ್ಸಿ ಕ್ರಾಸು, ಫ್ಯಾಟು, ಅಂದ್ರೆ ಹಾಲಿನ ಕೊಬ್ಬು, ನೂರಕ್ಕೆ 4ಕ್ಕಿಂತ ಕಮ್ಮಿ ಬಂದದ್ದೇ ಇಲ್ಲ. ನನ್ನ ಕೈಯಲ್ಲಿ 3 ದಾಟೋಕೆ ಒದ್ದಾಡ್ತು. ಹಾಲು ಅಳೆಯೋರು ನನ್ನ ಮುಖ ನೋಡಿದ ರೀತಿಗೆ ಕ್ಯಾನು ಅಲ್ಲೇ ಬಿಟ್ಟು ಬರೋಣ ಅನ್ನಿಸ್ತು. ಆದರೆ ನೀರು ಬೆರೆಸಿದ್ರೆ ಲ್ಯಾಕ್ಟೋಮೀಟರಿನ ಡಿಗ್ರಿ ಇಳಿಬೇಕಲ್ಲ, ಅದು ಸರಿಯಾಗೇ ಇತ್ತು. ಮನೆಗೆ ಬಂದು ಹೇಳಿದ್ರೆ ಅತ್ತೆ ನಕ್ಕರು. "ಕೆನಿ ಇರೋದು ಕಡೀ ಹಾಲಿನಾಗ. ಅದನ್ನ ಕೆಚ್ಚಲಾಗ ಬಿಟ್ಟು ನೀರಾಲು ಹೊತ್ಕೊಂಡು ಹೋಗೀಯ."

ಕೆಂದಿ ತೊರೆ ಬಿಟ್ಟರೆ, ಅಂದ್ರೆ ಹಾಲು ಕೆಳಗಿಳಿಸಿದರೆ ತಾನೇ ಕಡೇ ಹಾಲು ಬರೋದು? ಕರು ಬಾಯಿ ಹಾಕಿ ಗುದ್ದಿದಾಗ, ಕೆಚ್ಚಲು ನೀವಿದಾಗ ಆಕಳ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಹೊರಡುತ್ತೆ. ಮೊಲೆ ಬಿಗಿಯಾಗಿ ಹಾಲು ಇಳಿಯೋಕೆ ಒಂದು ನಿಮಿಷವಾದ್ರೂ ಬೇಕು. ಇಳಿದ ಮೇಲೆ ಅದರ ಜೋರು ಐದಾರು ನಿಮಿಷ ಅಷ್ಟೇ. ನಾನೋ, ಕರು ಬಿಟ್ಟು, ಎಳೆದು ಕಟ್ಟಿ, ಆಮೇಲೆ ಸ್ಟೂಲು ಹುಡುಕಿ, ಬಿಸಿನೀರು ತರೋಕೆ ಒಳಗೆ ಓಡ್ತಿದ್ದೆ. ಕೂರೋ ಹೊತ್ತಿಗೆ ಅರ್ಧ ಹೊತ್ತು ಮುಗಿದಿರೋದು. ಅದರ ಜೊತೆ ಒದೀತಾಳೆ ಅನ್ನೋ ಹೆದರಿಕೆಗೆ ಅವಳ ಮೇಲೆ ರೇಗೋದು ಬೇರೆ. ಹೆದರಿದ ಆಕಳು ಹಾಲು ಏರಿಸಿಕೊಳ್ಳುತ್ತೆ.

ಆಮೇಲಿಂದ ಸಾಮಾನೆಲ್ಲ ಮೊದಲೇ ಜೋಡಿಸಿಟ್ಟೆ. ಬಾನಿಯಲ್ಲಿ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ. ಕರು ಕಟ್ಟಿದ ತಕ್ಷಣ ನಾಲ್ಕೂ ಮೊಲೆಯ ಮೊದಲ ಧಾರೆ ಕರೀ ಬಟ್ಟೆ ಮೇಲೆ ಬಿಟ್ಟು, ಗಡ್ಡೆ ಗಡ್ಡೆ ಇದೆಯಾ ನೋಡ್ತೀನಿ. ಇದ್ದರೆ ಕೆಚ್ಚಲು ಬಾವು ಶುರುವಾಗಿದೆ ಅಂತ ಲೆಕ್ಕ. ಒಂದು ಸಲ ಹಿಂದಿನ ಎಡಮೊಲೆಯಲ್ಲಿ ಕಂಡಿತ್ತು, ಡಾಕ್ಟ್ರು ಬಂದು ಮೊಲೆಯೊಳಗೆ ಔಷಧಿ ಟ್ಯೂಬು ಹಾಕಿದ್ರು, ಅವರು ಹೇಳಿದಷ್ಟು ದಿನ ಹಾಲು ಡೇರಿಗೆ ಕೊಡಲಿಲ್ಲ. ಮುಂದಿನ ಎರಡು ಮೊಲೆ ಆದ ಮೇಲೆ ಹಿಂದಿನ ಎರಡು, ಹಾಲು ಜಾಸ್ತಿ ಇರೋದು ಅಲ್ಲೇ. ಹಿಂಡಿ ಎದ್ದ ತಕ್ಷಣ ಹಸಿ ಸಪ್ಪೆ ಮೇವು ಹಾಕ್ತೀನಿ, ತಿಂತಾ ನಿಂತಿರಲಿ ಅಂತ. ಮೊಲೆಯ ತೂತು ಮುಚ್ಚೋಕೆ ಅರ್ಧ ಗಂಟೆಯಾದ್ರೂ ಬೇಕು, ಅಷ್ಟರೊಳಗೆ ಅವಳು ಸಗಣಿ ಮೇಲೆ ಮಲಗಬಾರದು.

ಮೊದಲ ಹದಿನೈದು ದಿನ ರಾತ್ರಿ ರೊಟ್ಟಿ ಹಿಟ್ಟು ನಾದೋಕೂ ಬೆರಳು ಮಡಚ್ತಿರಲಿಲ್ಲ. ಮೂರನೇ ವಾರಕ್ಕೆ ನೋವು ತಾನಾಗೇ ಹೋಯ್ತು.

ಅತ್ತೆಯ ಪ್ಲಾಸ್ಟರು ಬಿಚ್ಚಿ ಈಗ ತಿಂಗಳುಗಳಾದವು. ಬೆಳಗ್ಗೆ ಆರಕ್ಕೆ ನಾನು, ಸಂಜೆ ಐದಕ್ಕೆ ಅವರು. ಸಂಜೆ ಫ್ಯಾಟು ಯಾವಾಗಲೂ ಎರಡು ಮೂರು ಪಾಯಿಂಟು, ಅಂದ್ರೆ 0.2, 0.3ರಷ್ಟು ಜಾಸ್ತಿ ಬರುತ್ತೆ. ಬೆಳಗ್ಗೆಯಿಂದ ಸಂಜೆಗೆ ಹನ್ನೊಂದೇ ಗಂಟೆ, ಸಂಜೆಯಿಂದ ಬೆಳಗ್ಗೆಗೆ ಹದಿಮೂರು, ಅಂತರ ಕಮ್ಮಿಯಾದ್ರೆ ಫ್ಯಾಟು ಏರುತ್ತೆ ಅಂತ ನಾನು ಹೇಳ್ತೀನಿ. ಅತ್ತೆ ಡೇರಿ ಚೀಟಿಯನ್ನ ದೇವರ ಮನೆಯ ಗೂಡಿಗೆ ಸಿಕ್ಕಿಸಿ, "ಕೈ ಗುಣ ಕಣವ್ವ" ಅಂತಾರೆ.