ಪೆಟ್ರೋಲ್-ಡೀಸೆಲ್ ಪಿಕಪ್ಪಾ, ಕರೆಂಟ್ ಗಾಡಿನಾ? ಅಡ್ವಾನ್ಸ್ ಕೊಡೋ ಮುಂಚೆ ಹಾಕ್ಬೇಕಾದ ಲೆಕ್ಕ

ಸಣ್ಣ ಲೋಡ್ ಗಾಡಿ ತಗೋಬೇಕು, ಇವಿ (ಕರೆಂಟ್ ಗಾಡಿ) ತಗೊಳ್ಲಾ ಬೇಡ್ವಾ ಅಂತ ಯಾರೇ ಕೇಳಿದ್ರೂ ನಾನು ವಾಪಸ್ ಕೇಳೋದು ಎರಡೇ. ರಾತ್ರಿ ಗಾಡಿ ಎಲ್ಲಿ ನಿಲ್ಸ್ತೀರಾ? ದಿನಾ ಓಡೋದು ಗೊತ್ತಿರೋ ರೂಟಾ, ಇಲ್ಲಾ ಸ್ಟ್ಯಾಂಡಲ್ಲಿ ನಿಂತು ಬಾಡಿಗೆ ಸಿಕ್ಕ ಕಡೆಗಾ? ಬೆಲೆ, ಮೈಲೇಜು, ಟ್ಯಾಕ್ಸು ಎಲ್ಲಾ ಇದಾದ್ಮೇಲೆ. ರಾತ್ರಿ ನಿಲ್ಸೋ ಜಾಗದಲ್ಲಿ ನಿಮ್ಮದೇ ಪ್ಲಗ್ ಇಲ್ಲ, ಗಾಡಿ ರೋಡ್ ಸೈಡಲ್ಲೇ ನಿಲ್ಲತ್ತೆ ಅಂದ್ರೆ ಸದ್ಯಕ್ಕೆ ಇವಿ ಮರೆತುಬಿಡಿ, ಯಾಕೆ ಅಂತ ಕೆಳಗೆ ಲೆಕ್ಕದಲ್ಲಿ ಗೊತ್ತಾಗತ್ತೆ.

ಲೆಕ್ಕಕ್ಕೆ ಟಾಟಾ ಏಸ್ ಪ್ರೋ ತಗೊಳೋಣ, ಯಾಕಂದ್ರೆ ಒಂದೇ ಗಾಡಿ ಪೆಟ್ರೋಲಲ್ಲೂ ಇದೆ ಕರೆಂಟಲ್ಲೂ ಇದೆ, ಎರಡಕ್ಕೂ 750 ಕೆಜಿ ಲೋಡು. 2025ರ ಜೂನಲ್ಲಿ ಬಿಟ್ಟಾಗ ಎಕ್ಸ್‌ಶೋರೂಮ್ ಪೆಟ್ರೋಲಿಗೆ 3.99 ಲಕ್ಷ, ಇವಿಗೆ 6.50 ಲಕ್ಷ ಇತ್ತು. ಅಂದ್ರೆ ಎರಡೂವರೆ ಲಕ್ಷ ಗ್ಯಾಪು. ಆಮೇಲೆ ಸೆಪ್ಟೆಂಬರಲ್ಲಿ ಗೂಡ್ಸ್ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು, ಇವಿದು ಮೊದ್ಲಿಂದ 5 ಪರ್ಸೆಂಟೇ ಇದ್ದಿದ್ರಿಂದ ಅದು ಇಳೀಲಿಲ್ಲ, ಹಾಗಾಗಿ ಗ್ಯಾಪ್ ಇನ್ನೂ ಸ್ವಲ್ಪ ಜಾಸ್ತಿನೇ ಆಯ್ತು. ಇವತ್ತಿನ ರೇಟು ಕೊಟೇಶನ್ನಲ್ಲಿ ನೋಡ್ಕೊಳ್ಳಿ, ನಾವು ಎರಡೂವರೆ ಲಕ್ಷನೇ ಇಟ್ಕೊಳೋಣ.

ಬ್ಯಾಟರಿ 14.4 ಯೂನಿಟ್ಟು, ಕಂಪ್ನಿ ಹೇಳೋದು 155 ಕಿಲೋಮೀಟರ್. ಕಂಪ್ನಿ ಹೇಳಿದ್ರಲ್ಲಿ ಮೂರನೇ ಎರಡು ಭಾಗ ಮಾತ್ರ ನಂಬೋದು ನನ್ನ ಪದ್ಧತಿ, ಲೋಡು ಟ್ರಾಫಿಕ್ಕು ಫ್ಲೈಓವರು ಎಲ್ಲಾ ಸೇರಿಸಿ 100 ಅಂತ ಹಿಡೀರಿ. ಚಾರ್ಜ್ ಮಾಡುವಾಗ ಸ್ವಲ್ಪ ಕರೆಂಟು ಬಿಸಿಯಾಗಿ ವೇಸ್ಟ್ ಆಗತ್ತೆ, ಅದೂ ಸೇರಿ 100 ಕಿಲೋಮೀಟರಿಗೆ 16-17 ಯೂನಿಟ್ ಮೀಟರಲ್ಲಿ ಓಡತ್ತೆ. ಯೂನಿಟ್ಟಿಗೆ 7 ರೂಪಾಯಿ ಅಂದ್ಕೊಂಡ್ರೂ ಕಿಲೋಮೀಟರಿಗೆ 1.20. ಪೆಟ್ರೋಲ್ ಗಾಡಿ ಲೋಡಲ್ಲಿ ಲೀಟರಿಗೆ 18 ಕೊಟ್ರೆ, ಲೀಟರ್ 103 ರೂಪಾಯಿ ಹಿಡಿದ್ರೆ ಕಿಲೋಮೀಟರಿಗೆ 5.70. ಉಳಿಯೋದು ನಾಲ್ಕೂವರೆ ರೂಪಾಯಿ. ಎರಡೂವರೆ ಲಕ್ಷ ವಾಪಸ್ ಬರೋಕೆ 55 ಸಾವಿರ ಕಿಲೋಮೀಟರ್ ಓಡ್ಬೇಕು.

ಈಗ ನಿಮ್ಮ ಓಟ ಹಾಕಿ ನೋಡಿ. ದಿನಕ್ಕೆ 80, ತಿಂಗಳಿಗೆ 25 ದಿನ ಅಂದ್ರೆ 2,000 ಕಿಲೋಮೀಟರ್, ಎರಡು ವರ್ಷ ನಾಲ್ಕು ತಿಂಗಳಲ್ಲಿ ದುಡ್ಡು ಬಂತು. ವಾಟರ್ ಕ್ಯಾನ್, ಬೇಕರಿ ಐಟಮ್ಮು, ಪೀಣ್ಯದಲ್ಲಿ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಪಾರ್ಟ್ಸ್, ಈ ಥರ ಕೆಲಸಕ್ಕೆ ಇವಿ ಕಣ್ಮುಚ್ಚಿ ತಗೋಬಹುದು. ಅದೇ ದಿನಕ್ಕೆ 30 ಕಿಲೋಮೀಟರ್ ಓಡಿಸೋ ಹಾರ್ಡ್‌ವೇರ್ ಅಂಗಡಿ ಗಾಡಿ ಆದ್ರೆ ಆರು ವರ್ಷ ದಾಟತ್ತೆ, ಪೆಟ್ರೋಲೇ ಸಾಕು. ಜನ ಉಲ್ಟಾ ಅಂದ್ಕೊಂಡಿರ್ತಾರೆ, ಕಮ್ಮಿ ಓಡಿಸೋರಿಗೆ ಇವಿ ಸರಿ ಅಂತ. ಅಲ್ಲ, ಒಂದೇ ಚಾರ್ಜಲ್ಲಿ ಮುಗಿಯೋ ಅಷ್ಟರೊಳಗೆ ಎಷ್ಟು ಜಾಸ್ತಿ ಓಡಿಸ್ತೀರೋ ಅಷ್ಟು ಲಾಭ.

ಇನ್ನು ಪ್ಲಗ್ ವಿಷಯ. ಹೊರಗಡೆ ಫಾಸ್ಟ್ ಚಾರ್ಜರಲ್ಲಿ ಯೂನಿಟ್ಟಿಗೆ 20 ರೂಪಾಯಿ ಬಿತ್ತು ಅಂದ್ಕೊಳ್ಳಿ, ಕಿಲೋಮೀಟರಿಗೆ 3.30 ಆಗೋಯ್ತು, ಉಳಿತಾಯ ಅರ್ಧಕ್ಕೆ ಬಂತು, ಮೇಲೆ ಅಲ್ಲಿ ಕಾಯೋ ಟೈಮು ನಿಮ್ದೇ. ಮನೇಲಿ ಹಾಕ್ತೀನಿ ಅನ್ನೋರು ಗೃಹಜ್ಯೋತಿ ಮರೀಬೇಡಿ. ದಿನಕ್ಕೆ 80 ಕಿಲೋಮೀಟರಿಗೆ 13 ಯೂನಿಟ್ ಅಂದ್ರೆ ತಿಂಗಳಿಗೆ 325, ಗಾಡಿ ಒಂದೇ ಫ್ರೀ ಕರೆಂಟಿನ 200 ಯೂನಿಟ್ ಮಿತಿ ದಾಟಿಸತ್ತೆ, ಆಮೇಲೆ ಫ್ಯಾನು ಫ್ರಿಡ್ಜು ಎಲ್ಲದರ ಬಿಲ್ಲೂ ಪೂರ್ತಿ ನೀವೇ ಕಟ್ಬೇಕು. ಇದನ್ನ ಶೋರೂಮಲ್ಲಿ ಯಾರೂ ಹೇಳಲ್ಲ ಬಿಡಿ. ಇವಿ ಚಾರ್ಜಿಂಗಿಗೆ ಬೇರೆ ಮೀಟರ್, ಬೇರೆ ದರ ಇದೆ, ಬೆಸ್ಕಾಂ ಹೆಸ್ಕಾಂ ನಿಮ್ದು ಯಾವ್ದೋ ಆ ಸೆಕ್ಷನ್ ಆಫೀಸಲ್ಲಿ ಕೇಳಿ ಅದನ್ನೇ ಹಾಕಿಸ್ಕೊಳ್ಳಿ. ವೈರಿಂಗ್ ಮಾಡ್ಸುವಾಗ ಗಾಡಿಗೇ ಅಂತ ಮೇನ್ ಬೋರ್ಡಿಂದ ಬೇರೆ ಲೈನು, ಬೇರೆ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಟ್ರಿಪ್ ಆಗೋ ಸ್ವಿಚ್ಚು), ಸರಿಯಾದ ಅರ್ಥಿಂಗು ಬೇಕೇ ಬೇಕು, ಮಿಕ್ಸಿ ಹಾಕೋ ಪ್ಲಗ್ಗಿಂದ ಎಕ್ಸ್‌ಟೆನ್ಶನ್ ಎಳೆದು ರಾತ್ರಿಯಿಡೀ ಹಾಕಿದ್ರೆ ಪ್ಲಗ್ ಕರಗಿಹೋಗತ್ತೆ. ಹಳ್ಳಿಲಿ ವೋಲ್ಟೇಜ್ ಡ್ರಾಪ್ ಇದ್ರೆ ಮೊದ್ಲು ಅದನ್ನ ರಾತ್ರಿ ಹೊತ್ತು ಚೆಕ್ ಮಾಡ್ಸಿ.

ಬೊಲೆರೋ ಪಿಕಪ್ ಸೈಜಿನ ಕೆಲಸ ಬಂದ್ರೆ ಕಥೆನೇ ಬೇರೆ. ಕೋಲಾರದಿಂದ ಟೊಮೇಟೊ ತುಂಬ್ಕೊಂಡು ಹೊರಗೆ ಹೋಗೋರು, ಸಕಲೇಶಪುರದ ಕಡೆಯಿಂದ ಶಿರಾಡಿ ಇಳಿದು ಮಂಗ್ಳೂರಿಗೆ ಹೋಗೋರು, ಸೀಸನಲ್ಲಿ ಒಂದು ಟ್ರಿಪ್ ಮುಗಿಸಿ ಗಾಡಿ ತಣ್ಣಗಾಗೋ ಮುಂಚೆ ಇನ್ನೊಂದು ಹೊಡೆಯೋರು, ಇವರೆಲ್ಲ ಡೀಸೆಲ್ಲೇ ತಗೊಳ್ಳಿ. ಒಂದು ಟನ್ನಿಗೆ ಏಸ್ ಇವಿ 1000, ಒಂದೂಕಾಲು ಟನ್ನಿಗೆ ಆಯ್ಲರ್ ಸ್ಟಾರ್ಮ್ ಅಂತೆಲ್ಲ ಬಂದಿದೆ ನಿಜ, ಆದ್ರೆ ಅವೂ ಸಂಜೆ ಮನೆಗೆ ಬರೋ ಗಾಡಿಗಳೇ. ಘಾಟಿ ಇಳಿಯುವಾಗ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್ ಬರತ್ತೆ, ಹತ್ತುವಾಗ ಹೋಗೋದು ಅದಕ್ಕಿಂತ ಎಷ್ಟೋ ಜಾಸ್ತಿ. ಮತ್ತೆ ಓವರ್‌ಲೋಡು, ನಮ್ಮ ಕಡೆ ಯಾರು ಹಾಕಲ್ಲ ಹೇಳಿ, ಡೀಸೆಲ್ ಗಾಡಿ ಹೊಗೆ ಬಿಟ್ಕೊಂಡು ಹೆಂಗೋ ಎಳ್ಕೊಂಡು ಹೋಗತ್ತೆ, ಇವಿ ಆದ್ರೆ ಅರ್ಧ ದಾರೀಲಿ ಪರ್ಸೆಂಟ್ ಲೆಕ್ಕ ಹಾಕ್ಕೊಂಡು ಕೂರ್ಬೇಕಾಗತ್ತೆ.

ಹಂಗಂತ ಸಿಟಿ ಒಳಗಷ್ಟೇ ಎರಡೆರಡು ಕಿಲೋಮೀಟರ್ ಓಡಿಸೋರು ಡೀಸೆಲ್ ತಗೋಬೇಡಿ. ಬಿಎಸ್6 ಡೀಸೆಲಲ್ಲಿ ಡಿಪಿಎಫ್ (ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರು) ಇದ್ರೆ ಅದು ಮಸಿ ಸುಟ್ಕೊಳ್ಳೋಕೆ ಆಗಾಗ ಹೈವೇ ಓಟ ಬೇಕು, ಇಲ್ದಿದ್ರೆ ಕಟ್ಕೊಂಡು ಲೈಟ್ ಉರಿಯತ್ತೆ. ಅಂಥೋರಿಗೆ ಪೆಟ್ರೋಲ್ ಇಲ್ಲಾ ಸಿಎನ್‌ಜಿ, ಸಿಎನ್‌ಜಿ ಆದ್ರೆ ಬಂಕ್ ಹತ್ರ ಇದ್ದು ಕ್ಯೂ ಸಣ್ಣದಿದ್ರೆ ಮಾತ್ರ.

ಇವಿಗೆ ಪರ್ಮಿಟ್ ಬೇಡ ಅಂತ ಸೇಲ್ಸ್‌ನವರು ದೊಡ್ಡ ಲಾಭದ ಥರ ಹೇಳ್ತಾರೆ. ಒಟ್ಟು ತೂಕ 3,000 ಕೆಜಿ ದಾಟದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯ್ದೆ ಪ್ರಕಾರ ಪರ್ಮಿಟ್ಟು ಮೊದ್ಲಿಂದಲೂ ಬೇಡ, ಸಣ್ಣ ಗಾಡಿಯೋರಿಗೆ ಇದರಿಂದ ಉಳಿಯೋದು ಸೊನ್ನೆ. ಕೇಂದ್ರ ಸರ್ಕಾರ ಇವಿಗೆ ಕೊಡೋ ಪಿಎಂ ಇ-ಡ್ರೈವ್ ಸಬ್ಸಿಡಿನೂ ಮೂರೂವರೆ ಟನ್ನಿಗಿಂತ ದೊಡ್ಡ ಟ್ರಕ್ಕಿಗೆ, ಈ ಸೈಜಿಗಲ್ಲ. ರೋಡ್ ಟ್ಯಾಕ್ಸ್ ಎಷ್ಟು ಅಂತ ಆರ್‌ಟಿಒದಲ್ಲೇ ಕೇಳಿ, ರೂಲ್ಸ್ ಬದಲಾಗ್ತಾ ಇರತ್ತೆ.

ಇವಿಗೆ ಇಂಜಿನ್ ಆಯಿಲ್ಲು ಕ್ಲಚ್ ಪ್ಲೇಟು ಖರ್ಚಿಲ್ಲ, ಖುಷಿನೇ. ಆದ್ರೆ ಬೊಲೆರೋ ಕೆಟ್ರೆ ಯಾವ ಊರಿನ ಗ್ಯಾರೇಜಲ್ಲಾದ್ರೂ ಸಂಜೆಯೊಳಗೆ ಎದ್ದು ನಿಲ್ಲತ್ತೆ, ಇವಿ ಕೆಟ್ರೆ ಕಂಪ್ನಿ ಸರ್ವೀಸಿಗೇ ಹೋಗ್ಬೇಕು, ಪಾರ್ಟ್ ಬರೋವರೆಗೂ ಬಾಡಿಗೆ ಇಲ್ಲ ಇಎಂಐ ಮಾತ್ರ ನಿಲ್ಲಲ್ಲ. ಹಾಗಾಗಿ ನಿಮ್ಮ ಊರಿಂದ ಇವಿ ರಿಪೇರಿ ಮಾಡೋ ವರ್ಕ್‌ಶಾಪ್ ಎಷ್ಟು ದೂರ ಅಂತ ಮೊದ್ಲೇ ನೋಡಿ, ಸೇಲ್ಸ್ ಶೋರೂಮ್ ಹತ್ರ ಇದ್ರೆ ಪ್ರಯೋಜನ ಇಲ್ಲ. ಸೆಕೆಂಡ್ಸಲ್ಲಿ ಮಾರೋ ಯೋಚ್ನೆ ಇದ್ರೆ ಬ್ಯಾಟರಿ ವಾರಂಟಿ ಮುಂದಿನ ಓನರ್‌ಗೂ ಹೋಗತ್ತಾ ಅಂತ ಲೆಟರ್‌ಹೆಡ್ಡಲ್ಲಿ ಬರೆಸ್ಕೊಳ್ಳಿ. ಲೋನಿಗೂ ಎರಡೂ ಗಾಡಿಗೆ ಬೇರೆ ಬೇರೆ ಕೊಟೇಶನ್ ತಗೊಂಡು, ತಿಂಗಳ ಇಎಂಐಗೆ ತಿಂಗಳ ಪೆಟ್ರೋಲ್ ಅಥವಾ ಕರೆಂಟ್ ಬಿಲ್ ಕೂಡಿಸಿ ಅಕ್ಕಪಕ್ಕ ಇಟ್ಟು ನೋಡಿ, ಇವಿಗೆ ಬಡ್ಡಿ ಜಾಸ್ತಿ ಅವಧಿ ಕಮ್ಮಿ ಅಂದ್ರೆ ಮೇಲಿನ ಲೆಕ್ಕ ಅಲ್ಲೇ ಉಲ್ಟಾ ಹೊಡೀಬಹುದು.

ಇಷ್ಟಾಗಿ ಇವಿನೇ ಅನ್ಸಿದ್ರೆ ಒಂದು ದಿನಕ್ಕೆ ಡೆಮೊ ಗಾಡಿ ಕೇಳಿ. ಖಾಲಿ ಗಾಡಿಲಿ ಶೋರೂಮ್ ಸುತ್ತ ಒಂದು ರೌಂಡ್ ಅಲ್ಲ, ಫುಲ್ ಚಾರ್ಜ್ ಮಾಡಿಸ್ಕೊಂಡು ನಿಮ್ಮದೇ ಲೋಡ್ ಹಾಕಿ ನಿಮ್ಮದೇ ರೂಟಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ. ಸಂಜೆ 25 ಪರ್ಸೆಂಟಿಗಿಂತ ಜಾಸ್ತಿ ಉಳಿದಿದ್ರೆ ಬುಕ್ ಮಾಡಿ. ಡೆಮೊ ಕೊಡಲ್ಲ ಅಂದ್ರೆ ಬೇರೆ ಡೀಲರ್ ನೋಡಿ.