ಚಿಕ್ಕಮ್ಮನ ಚಟ್ನಿಪುಡಿ 500 ಕೆಜಿ ಆಗುವಾಗ

ನಮ್ಮ ಚಿಕ್ಕಮ್ಮನ ಚಟ್ನಿಪುಡಿಗೆ ನೆಂಟರಲ್ಲಿ ದೊಡ್ಡ ಹೆಸರು. ಮನೆಗೆ ಬಂದವರು ಒಂದು ಡಬ್ಬಿ ಕಟ್ಟಿಸಿಕೊಂಡೇ ಹೋಗುತ್ತಿದ್ದರು. ‘ಇದನ್ನೇ ಮಾರಬಾರದಾ?’ ಎಂದು ಹತ್ತು ಜನ ಹೇಳಿದ ಮೇಲೆ ಒಂದು ಬೇಸಿಗೆಯಲ್ಲಿ 50 ಕೆಜಿ ಮಾಡಿಯೇಬಿಟ್ಟೆವು. ಮೊದಲ ತಿಂಗಳು ಹೊಗಳಿಕೆ. ಮೂರನೇ ತಿಂಗಳು ಅಂಗಡಿಯವರ ಫೋನು: ‘ಪುಡಿ ಸೋಪಿನ ವಾಸನೆ ಬರ್ತಿದೆಯಲ್ರೀ.’ ವಾಪಸ್ ಬಂದ ಪ್ಯಾಕೆಟ್‌ಗಳನ್ನು ನೋಡಿ ಚಿಕ್ಕಮ್ಮ ಎರಡು ದಿನ ಮಾತೇ ಆಡಲಿಲ್ಲ.

ಅವರ ಕೈಗುಣದಲ್ಲಿ ತಪ್ಪಿರಲಿಲ್ಲ. ಮನೆಯಲ್ಲಿ ಮಾಡಿದ ಪುಡಿ ಹದಿನೈದು ದಿನಕ್ಕೆ ಖಾಲಿಯಾಗುತ್ತದೆ. ಪ್ಯಾಕೆಟ್ ಹಾಗಲ್ಲ. ಗೋದಾಮಿನಲ್ಲಿ ಮಲಗಿ, ಲಾರಿಯಲ್ಲಿ ಬೆಂದು, ಅಂಗಡಿಯ ಕಪಾಟಿನಲ್ಲಿ ಕಾದು ಯಾರದೋ ಮನೆ ಸೇರುತ್ತದೆ. ಹಾಗಾಗಿ ಬಾಣಲೆಯಿಂದ ಮುಂದಕ್ಕೆ ಯೋಚಿಸುವುದು ಬಿಟ್ಟು, ನಾಲ್ಕನೇ ತಿಂಗಳಲ್ಲಿ ಆ ಪ್ಯಾಕೆಟ್ ಕತ್ತರಿಸುವವರಿಂದ ಹಿಂದಕ್ಕೆ ಯೋಚಿಸುತ್ತಾ ಬರಬೇಕು. ನಾವು ಇದನ್ನು ಕಲಿತದ್ದು ನಷ್ಟ ಮಾಡಿಕೊಂಡ ಮೇಲೆ. ನೀವು ಸುಮ್ನೆ ಓದಿ ಕಲಿಯಬಹುದು.

1. ಹಿಡಿ ಬಿಡಿ, ಗ್ರಾಂ ಹಿಡಿಯಿರಿ

ಚಿಕ್ಕಮ್ಮನ ಅಳತೆ ಹೀಗಿತ್ತು: ಎರಡು ಪಾವು ಕಡಲೆಬೇಳೆ, ಒಂದು ಗಿಟುಕು ಕೊಬ್ಬರಿ, ನಿಂಬೆಹಣ್ಣಿನಷ್ಟು ಹುಣಸೆ. ನಾನು ತಕ್ಕಡಿ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಅವರು ಹಾಕುವ ಮುಂಚೆ ಪ್ರತಿಯೊಂದನ್ನೂ ಕಿತ್ತುಕೊಂಡು ತೂಗಿದೆ. ಐದು ಸಲ ಮಾಡಿಸಿದೆ. ‘ನಿಂಬೆಹಣ್ಣು’ ಒಂದು ಸಲ 22 ಗ್ರಾಂ ಬಂತು, ಇನ್ನೊಂದು ಸಲ 41!

ಕೊನೆಗೆ ಎಲ್ಲವನ್ನೂ ಶೇಕಡಾ ಲೆಕ್ಕಕ್ಕೆ ತಂದೆವು. 100 ಕೆಜಿ ಪುಡಿಗೆ ಕಡಲೆಬೇಳೆ 30, ಉದ್ದಿನಬೇಳೆ 20, ಒಣಕೊಬ್ಬರಿ 18, ಮೆಣಸಿನಕಾಯಿ 14, ಬೆಲ್ಲ 6, ಹುಣಸೆ 5, ಉಪ್ಪು 5, ಕರಿಬೇವು ಒಂದೂವರೆ, ಇಂಗು ಅರ್ಧ ಕೆಜಿ. ನೆನಪಿಡಿ, ಇದು ಹುರಿದು ಒಣಗಿದ ಮೇಲಿನ ತೂಕ. ಹಸಿ ಕರಿಬೇವಿನಲ್ಲಿ ಮೂರರಲ್ಲಿ ಎರಡು ಪಾಲು ನೀರೇ ಇರುತ್ತದೆ. ಒಂದೂವರೆ ಕೆಜಿ ಬೇಕೆಂದರೆ ನಾಲ್ಕೂವರೆ ಕೆಜಿಗಿಂತ ಕಮ್ಮಿ ಎಲೆ ತಂದರೆ ಸಾಲದು.

2. ಏನು ತರಬೇಕು ಅಂತ ಬರೆದಿಡಿ

‘ಒಳ್ಳೇ ಮೆಣಸಿನಕಾಯಿ ಕಳಿಸಿ’ ಎಂದರೆ ವ್ಯಾಪಾರಿ ತನಗೆ ಒಳ್ಳೆಯದು ಅನಿಸಿದ್ದನ್ನು ಕಳಿಸುತ್ತಾನೆ. ಬ್ಯಾಡಗಿಯೋ ಗುಂಟೂರೋ, ಬ್ಯಾಡಗಿಯಾದರೆ ಕಡ್ಡಿಯೋ ಡಬ್ಬಿಯೋ, ತೇವ ಎಷ್ಟಿರಬೇಕು, ತೊಟ್ಟು ಬೇಕೋ ಬೇಡವೋ, ಎಲ್ಲವೂ ಕಾಗದದ ಮೇಲಿರಲಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಮಧ್ಯದಲ್ಲಿ ತಳಿ ಬದಲಾದರೆ ಅದೇ 14 ಕೆಜಿ ಹಾಕಿದರೂ ಗಿರಾಕಿಗೆ ಬೇರೆಯದೇ ಪುಡಿ ತಿಂದಂತಾಗುತ್ತದೆ.

ಇನ್ನು ನಮ್ಮನ್ನು ಮುಳುಗಿಸಿದ ಕೊಬ್ಬರಿ. ತಿಪಟೂರಿನ ಉಂಡೆ ಕೊಬ್ಬರಿ ಅಂತಲೇ ತಂದಿದ್ದೆವು, ಆದರೆ ಒಳಗೆ ಪೂರ್ತಿ ಒಣಗಿರಲಿಲ್ಲ. ಕೊಬ್ಬರಿಯ ಎಣ್ಣೆ ಗಾಳಿಗೆ ಅಷ್ಟು ಬೇಗ ಕೆಡುವುದಿಲ್ಲ. ಅದರ ಶತ್ರು ತೇವ. ತೇವ ಉಳಿದರೆ ಕಣ್ಣಿಗೆ ಕಾಣದ ಬೂಷ್ಟು ಮತ್ತು ಕಿಣ್ವಗಳು ಸೇರಿ ಎಣ್ಣೆಯನ್ನು ಒಡೆಯುತ್ತವೆ. ಆಗ ಬಿಡುಗಡೆಯಾಗುವ ಆಮ್ಲದ್ದೇ ಆ ಸೋಪಿನ ವಾಸನೆ. ಈಗ ಶೇ 6ಕ್ಕಿಂತ ಜಾಸ್ತಿ ತೇವವಿರುವ ಕೊಬ್ಬರಿಯನ್ನು ವಾಪಸ್ ಕಳಿಸುತ್ತೇವೆ. ತುರಿದ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೂ ಮಾಡುತ್ತೇವೆ. ಶೇಂಗಾ ಅಥವಾ ಎಳ್ಳು ಹಾಕುವವರ ಪಾಡು ಬೇರೆ. ಆ ಎಣ್ಣೆಗಳಿಗೆ ಗಾಳಿಯೇ ಶತ್ರು, ಅದರಿಂದಲೇ ಕಮಟು ಹಿಡಿಯುವುದು.

3. ಹುರಿಯುವುದು, ಬೀಸುವುದು, ಬೆರೆಸುವುದು

ಅರ್ಧ ಕೆಜಿ ಬೇಳೆಯನ್ನು ಬಾಣಲೆಯಿಂದ ತಟ್ಟೆಗೆ ಸುರಿದರೆ ಐದೇ ನಿಮಿಷಕ್ಕೆ ಆರುತ್ತದೆ. 50 ಕೆಜಿಯನ್ನು ರೋಸ್ಟರ್‌ನಿಂದ ಇಳಿಸಿ ಗುಡ್ಡೆ ಹಾಕಿ ನೋಡಿ. ಉರಿ ಆರಿಸಿ ಅರ್ಧ ಗಂಟೆಯಾದರೂ ಗುಡ್ಡೆಯ ಹೊಟ್ಟೆಯೊಳಗೆ ಬೇಳೆ ಹುರಿಯುತ್ತಲೇ ಇರುತ್ತದೆ. ನಮ್ಮ ಮೊದಲ ದೊಡ್ಡ ಬ್ಯಾಚಿನಲ್ಲಿ ಮೇಲಿನ ಬೇಳೆ ಹೊಂಬಣ್ಣ, ನಡುವಿನದು ಕಾಫಿಬೀಜದ ಬಣ್ಣ. ಹಾಗಾಗಿ ಹದ ಬರುವುದಕ್ಕೆ ಸ್ವಲ್ಪ ಮೊದಲೇ ಇಳಿಸಿ, ತೆಳ್ಳಗೆ ಹರಡಿ, ಫ್ಯಾನ್ ಹಾಕಿ. ಎಷ್ಟು ಡಿಗ್ರಿ, ಎಷ್ಟು ನಿಮಿಷ ಎಂದು ಬರೆದಿಡಿ. ‘ಘಮ ಬಂದಾಗ ಇಳಿಸು’ ಅನ್ನುವುದು ಚಿಕ್ಕಮ್ಮನಿಗೆ ಗೊತ್ತು, ರಾತ್ರಿ ಪಾಳಿಯ ಹುಡುಗನಿಗೆ ಗೊತ್ತಿರುವುದಿಲ್ಲ.

ಪುಡಿ ಬೀಸುವ ಪಲ್ವರೈಜರ್ ಕೂಡ ಬಿಸಿಯಾಗುವ ಯಂತ್ರವೇ. ಕೊಬ್ಬರಿಯನ್ನು ಬೇಳೆಯ ಜೊತೆಗೇ ಹಾಕಿದರೆ ಎಣ್ಣೆ ಬಿಟ್ಟು ಜರಡಿ ಕಟ್ಟಿಕೊಳ್ಳುತ್ತದೆ. ಬೇಳೆ ಮತ್ತು ಮೆಣಸಿನಕಾಯಿಯನ್ನು ಮೊದಲು ಬೀಸಿ. ಕೊಬ್ಬರಿಯನ್ನು ಬೇರೆಯಾಗಿ ತುರಿದು ಕೊನೆಗೆ ಬ್ಲೆಂಡರ್‌ನಲ್ಲಿ ಬೆರೆಸಿ.

ಬೆರೆಸಿದ್ದು ಬೆರೆತೇ ಇರುತ್ತದೆ ಅಂದುಕೊಳ್ಳಬೇಡಿ. ತುಂಬುವ ಯಂತ್ರ ಅದುರುವಾಗ ಹರಳು ಹರಳಾದ ಉಪ್ಪು ಕೆಳಗಿಳಿಯುತ್ತದೆ, ಹಗುರ ಕೊಬ್ಬರಿ ಮೇಲೆ ಉಳಿಯುತ್ತದೆ. ಬ್ಯಾಚಿನ ಮೊದಲನೆಯ, ನಡುವಿನ ಮತ್ತು ಕೊನೆಯ ಪ್ಯಾಕೆಟ್ ಒಡೆದು ಉಪ್ಪಿನ ಪ್ರಮಾಣ ಪರೀಕ್ಷೆ ಮಾಡಿಸಿ. ಮೂರೂ ಒಂದೇ ಸಮ ಬರದಿದ್ದರೆ ಉಪ್ಪನ್ನೂ ಉಳಿದ ಪುಡಿಯಷ್ಟೇ ಸಣ್ಣಗೆ ಬೀಸಿಕೊಳ್ಳಬೇಕು.

ಬೀಸುವಾಗ ಕಬ್ಬಿಣದ ಚೂರು ಉದುರುವುದುಂಟು. ಪುಡಿ ಇಳಿಯುವ ದಾರಿಯಲ್ಲಿ ಅಯಸ್ಕಾಂತ ಮತ್ತು ಲೋಹ ಪತ್ತೆ ಮಾಡುವ ಯಂತ್ರ ಎರಡೂ ಇರಲಿ. ಅಲ್ಯೂಮಿನಿಯಂ ಪದರದ ಕವರಿಗೆ ತುಂಬಿದ ಮೇಲೆ ಆ ಯಂತ್ರ ಗಲಿಬಿಲಿಗೊಳ್ಳುತ್ತದೆ, ಆದ್ದರಿಂದ ತುಂಬುವ ಮುಂಚೆಯೇ ತಪಾಸಣೆ ಮುಗಿಯಬೇಕು.

4. ಎಷ್ಟು ದಿನ ಬಾಳುತ್ತದೆ?

ಪಕ್ಕದ ಬ್ರ್ಯಾಂಡಿನವರು ಆರು ತಿಂಗಳು ಎಂದು ಹಾಕಿದ್ದಾರೆ ಅಂತ ನಾವೂ ಆರು ತಿಂಗಳು ಹಾಕಿಬಿಡುವುದು ಬೇಡ. ಲ್ಯಾಬಿನಲ್ಲಿ ‘ವಾಟರ್ ಆಕ್ಟಿವಿಟಿ’ ನೋಡಿಸಿ. ಪುಡಿಯಲ್ಲಿರುವ ನೀರಿನಲ್ಲಿ ಎಷ್ಟು ನೀರು ಸೂಕ್ಷ್ಮಜೀವಿಗಳ ಕೈಗೆ ಸಿಗುತ್ತದೆ ಎಂದು ಹೇಳುವ ಅಂಕಿ ಅದು. 0.6ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಚಟ್ನಿಪುಡಿಯಲ್ಲಿ ತೇವ ಎಳೆದುಕೊಂಡು ಗಂಟು ಕಟ್ಟಿಸುವುದು ಬೆಲ್ಲ ಮತ್ತು ಹುಣಸೆ. ಎರಡನ್ನೂ ಒಣಗಿಸಿಯೇ ಹಾಕಬೇಕು.

ಆರು ತಿಂಗಳು ಕಾಯುವ ತಾಳ್ಮೆ ಇಲ್ಲದವರಿಗೆ ಅವಸರದ ಪರೀಕ್ಷೆ ಇದೆ. ಒಂದಿಷ್ಟು ಪ್ಯಾಕೆಟ್‌ಗಳನ್ನು 38 ಡಿಗ್ರಿ ಸೆಲ್ಸಿಯಸ್, ಶೇ 90ರಷ್ಟು ಆರ್ದ್ರತೆ ಇರುವ ಪೆಟ್ಟಿಗೆಯಲ್ಲಿಟ್ಟು ವಾರವಾರಕ್ಕೂ ತೆಗೆದು ನೋಡುತ್ತಾರೆ. ಇನ್ನೊಂದಿಷ್ಟನ್ನು 27 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರಿಂದ ಆಹಾರದ ಕೆಲಸದಲ್ಲೇ ಇದೆ. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿಧಾನ ಅಲ್ಲಿ ಹುಟ್ಟಿ ಅಮುಲ್ ಕಾರ್ಖಾನೆಗೆ ಹೋಯಿತು. ಇಂಥ ಪರೀಕ್ಷೆಯ ಬಗ್ಗೆ ಕೇಳಲು ಚಟ್ನಿಪುಡಿಯವರು ಅಲ್ಲಿಗೆ ಹೋದರೆ ಯಾರೂ ನಗುವುದಿಲ್ಲ.

ಇದರ ಜೊತೆಗೆ ನಮ್ಮದೇ ಒಂದು ಪರೀಕ್ಷೆ ಇದೆ. ಜುಲೈನಲ್ಲಿ ಮಂಗಳೂರಿನ ನೆಂಟರಿಗೆ, ಮೇ ತಿಂಗಳಲ್ಲಿ ರಾಯಚೂರಿನವರಿಗೆ ಹತ್ತತ್ತು ಪ್ಯಾಕೆಟ್ ಕಳಿಸಿ, ಅಡುಗೆಮನೆಯಲ್ಲೇ ಇಟ್ಟುಕೊಳ್ಳಲು ಹೇಳುತ್ತೇವೆ. ಪೆಟ್ಟಿಗೆ ಹೇಳದ್ದನ್ನು ಎಷ್ಟೋ ಸಲ ಅತ್ತೆ ಹೇಳಿದ್ದಾರೆ.

5. ಕವರು, ತೂಕ, ಲೇಬಲ್ಲು

ಸಾದಾ ಪಾಲಿಥೀನ್ ನೀರನ್ನು ಸುಮಾರಾಗಿ ತಡೆಯುತ್ತದೆ, ಗಾಳಿಯನ್ನೂ ಪರಿಮಳವನ್ನೂ ತಡೆಯುವುದಿಲ್ಲ. ಹೊರಗೆ ಪಾಲಿಯೆಸ್ಟರ್, ನಡುವೆ ಲೋಹ ಲೇಪಿಸಿದ ಪದರ, ಒಳಗೆ ಬೆಸುಗೆಗೆ ಪಾಲಿಥೀನ್ ಇರುವ ಕವರೇ ಇಂಥ ಪುಡಿಗೆ ಸರಿ. ಆದರೆ ಎಷ್ಟೇ ದುಬಾರಿ ಕವರಾದರೂ ಬೆಸುಗೆಯ ಜಾಗದಲ್ಲಿ ಒಂದು ಚಿಟಿಕೆ ಪುಡಿ ಕೂತರೆ ಮುಗೀತು. ಪ್ಯಾಕೆಟ್ಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಪುಡಿ ಪೂರ್ತಿ ಆರುವ ತನಕ ತುಂಬಲೂಬೇಡಿ. ಬಿಸಿಯಿದ್ದರೆ ಒಳಗೇ ಬೆವರುತ್ತದೆ.

ತೂಕದಲ್ಲಿ ಕಮ್ಮಿ ಆದರೆ ಕಾನೂನು ಹಿಡಿಯುತ್ತದೆ, ಜಾಸ್ತಿ ಆದರೆ ಯಾರೂ ಹೇಳುವುದಿಲ್ಲ. 200 ಗ್ರಾಂ ಪ್ಯಾಕೆಟ್‌ಗೆ 2 ಗ್ರಾಂ ಜಾಸ್ತಿ ಬೀಳುತ್ತಿದ್ದರೆ 10,000 ಪ್ಯಾಕೆಟ್‌ಗೆ 20 ಕೆಜಿ ಪುಡಿ ದಾನ ಮಾಡಿದಂತೆ.

ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರು, ಹಸಿರು ಚುಕ್ಕಿ, ಪೋಷಕಾಂಶಗಳ ಪಟ್ಟಿ, ಇವೆಲ್ಲ ಎಲ್ಲರಿಗೂ ಗೊತ್ತಿರುತ್ತದೆ. ತಪ್ಪಿಹೋಗುವುದು ಇಂಗು. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಮೈದಾ ಅಥವಾ ಗೋದಿ ಹಿಟ್ಟು ಸೇರಿಸಿರುತ್ತಾರೆ. ಹಾಗಿದ್ದರೆ ಅಲರ್ಜಿ ಸೂಚನೆಯಲ್ಲಿ ಗೋದಿಯನ್ನು ಬರೆಯಲೇಬೇಕು. ನಮ್ಮ ಮೊದಲ ಲೇಬಲ್ಲಿನಲ್ಲಿ ಅದಿರಲಿಲ್ಲ. ಅಚ್ಚಾಗಿದ್ದ ಕವರಿನ ಸುರುಳಿಗಳನ್ನು ಬಿಸಾಡಬೇಕಾಯಿತು.

6. ಒಮ್ಮೆಲೇ 500ಕ್ಕೆ ಹಾರಬೇಡಿ

ಅರ್ಧ ಕೆಜಿಯಿಂದ 5, ಅಲ್ಲಿಂದ 50, ಆಮೇಲೆ 500. ಸ್ವಂತ ಯಂತ್ರ ಕೊಳ್ಳುವ ಮೊದಲು ಜಾಬ್ ವರ್ಕ್ (ಕೂಲಿಗೆ ಬೇರೆಯವರ ಪುಡಿ) ಮಾಡಿಕೊಡುವ ಘಟಕದಲ್ಲಿ ಒಂದೆರಡು ಬ್ಯಾಚ್ ತೆಗೆದು ನೋಡಿ. ಪ್ರತಿ ಹಂತದಲ್ಲೂ ಹಳೆಯ ರುಚಿಗೆ ಹೋಲಿಸಬೇಕು. ‘ಹೇಗಿದೆ?’ ಎಂದು ಕೇಳಿದರೆ ನೆಂಟರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅಲ್ವಾ? ಅದರ ಬದಲು ಮೂರು ಬಟ್ಟಲು ಇಡಿ. ಎರಡರಲ್ಲಿ ಒಂದೇ ಪುಡಿ, ಮೂರನೆಯದರಲ್ಲಿ ಬೇರೆ ಬ್ಯಾಚಿನದು. ಬೇರೆಯದು ಯಾವುದು ಎಂದು ಕೇಳಿ. 12 ಜನರಲ್ಲಿ ನಾಲ್ವರು ಸುಮ್ನೆ ಊಹಿಸಿದರೂ ಸರಿಯಾಗುತ್ತದೆ. 8 ಅಥವಾ ಹೆಚ್ಚು ಜನ ಸರಿಯಾಗಿ ಹೇಳಿದರೆ ರುಚಿ ನಿಜಕ್ಕೂ ಬದಲಾಗಿದೆ. ಹಿಂದಿನ ಹಂತಕ್ಕೆ ಹೋಗಿ ಹುಡುಕಿ.

ಈಗ ಪ್ರತಿ ಬ್ಯಾಚಿನಿಂದ ಆರು ಪ್ಯಾಕೆಟ್ ಎತ್ತಿಟ್ಟು ತಾರೀಖು ಬರೆಯುತ್ತೇವೆ. ತಿಂಗಳ ಮೊದಲ ಸೋಮವಾರ ಒಂದನ್ನು ಕತ್ತರಿಸುತ್ತೇವೆ. ಚಿಕ್ಕಮ್ಮ ಮೊದಲು ಮೂಸುತ್ತಾರೆ. ಆಮೇಲೆ ಬಿಸಿ ಅನ್ನಕ್ಕೆ ಹಾಕಿ, ತುಪ್ಪ ಬಿಡದೆ ಕಲಸಿ ತಿನ್ನುತ್ತಾರೆ. ತುಪ್ಪ ಬಿಟ್ಟರೆ ಕಮಟು ಮುಚ್ಚಿಹೋಗುತ್ತದಂತೆ.