ಕುಟುಂಬ ಪ್ರತಿಷ್ಠಾನದ ಹತ್ತಿರ ಅನುದಾನ ಕೇಳುವುದು ಹೇಗೆ?

ನಿಮ್ಮದು ಸಣ್ಣ ಸೇವಾ ಸಂಸ್ಥೆ, ಯಾವುದಾದರೂ ಕುಟುಂಬ ಪ್ರತಿಷ್ಠಾನದ (ಅಂದರೆ ಒಂದು ಮನೆತನ ತನ್ನ ಹಣದಿಂದ ನಡೆಸುವ ದತ್ತಿ ಸಂಸ್ಥೆಯ) ಹತ್ತಿರ ಹಣ ಕೇಳಬೇಕು ಅಂತಿದ್ದೀರಾ? ಮೊದಲೇ ಅರ್ಜಿ ಬರೆಯಲು ಕೂರಬೇಡಿ. ಅವರು ಕಳೆದ ಎರಡು ಮೂರು ವರ್ಷ ಯಾರಿಗೆ, ಎಷ್ಟು ಕೊಟ್ಟಿದ್ದಾರೆ ನೋಡಿ. ಅಮೆರಿಕದಲ್ಲಾದರೆ ಇದು ಸುಲಭ: ಇಂಥ ಖಾಸಗಿ ಫೌಂಡೇಶನ್‌ಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ 990-ಪಿಎಫ್ ಫಾರ್ಮ್‌ನಲ್ಲಿ ಕೊಟ್ಟ ಅನುದಾನಗಳ ಪಟ್ಟಿ ಇರುತ್ತದೆ, ಯಾರು ಬೇಕಾದರೂ ಓದಬಹುದು. ಅವರು ಕೊಡುವುದೆಲ್ಲ ಮಕ್ಕಳ ಓದಿಗೆ ಅಂತ ಗೊತ್ತಾದ ಮೇಲೂ ಬೀದಿನಾಯಿಗಳ ಆಶ್ರಯಕ್ಕೆ ಕೇಳಿದರೆ ಸುಮ್ನೆ ಇಬ್ಬರ ಟೈಮೂ ವೇಸ್ಟ್ ಅಲ್ವಾ?

ಆಮೇಲೆ ಒಂದು ಫೋನ್ ಅಥವಾ ಚಿಕ್ಕ ಇಮೇಲ್. ಹಲವು ಕುಟುಂಬ ಪ್ರತಿಷ್ಠಾನಗಳಲ್ಲಿ ಪೂರ್ಣಾವಧಿ ಸಿಬ್ಬಂದಿಯೇ ಇರುವುದಿಲ್ಲ, ಮನೆಯವರೇ ವರ್ಷಕ್ಕೆ ಕೆಲವು ಸಲ ಸೇರಿ ತೀರ್ಮಾನಿಸುತ್ತಾರೆ, ಹಾಗಾಗಿ ಆ ಸಭೆ ಯಾವಾಗ ಅಂತ ಕೇಳಿಕೊಳ್ಳಿ.

ಅರ್ಜಿ ಎರಡು ಪುಟ ಸಾಕು. 'ಸಮಾಜದ ಏಳಿಗೆಗೆ ಶ್ರಮಿಸುತ್ತಿದ್ದೇವೆ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಸಂಜೆ ಐದರಿಂದ ಏಳರವರೆಗೆ 40 ಮಕ್ಕಳಿಗೆ ಪಾಠ, ಇಬ್ಬರು ಟೀಚರ್, ಒಂದೇ ರೂಮು, ಮಳೆ ಬಂದರೆ ಸೋರುತ್ತದೆ' ಅಂತ ಬರೆಯಿರಿ. ಓದಿದವರಿಗೆ ಆ ರೂಮು ಕಾಣಬೇಕು. ಬಜೆಟ್‌ನಲ್ಲಿ ಬಾಡಿಗೆ, ಕರೆಂಟ್ ಬಿಲ್, ಲೆಕ್ಕ ಬರೆಯುವವರ ಸಂಬಳ ಬಿಡಬೇಡಿ. ಸಂಕೋಚದಿಂದ ಇದನ್ನು ಮುಚ್ಚಿಡುವವರೇ ಜಾಸ್ತಿ, ಆಮೇಲೆ ಒದ್ದಾಡುವವರೂ ಅವರೇ.

ಹಣ ಬಂತಾ? ವಾರದೊಳಗೆ ಥ್ಯಾಂಕ್ಸ್ ಹೇಳಿ. ಯೋಜನೆ ಬದಲಾದರೆ ಖರ್ಚು ಮಾಡುವ ಮೊದಲೇ ತಿಳಿಸಿ, ವರ್ಷದ ಕೊನೆಯ ರಿಪೋರ್ಟ್‌ನಲ್ಲಿ ಅಲ್ಲ. ಬರಲಿಲ್ಲವಾ? ಯಾಕೆ ಅಂತ ಮರ್ಯಾದೆಯಿಂದ ಕೇಳಿ, ಮುಂದಿನ ಸಭೆಯ ತಾರೀಖು ಬರೆದಿಟ್ಟುಕೊಳ್ಳಿ.